ಕತ್ತಿಗೆ ಕುಣಿಕೆ

ಕಾಳಗದ ಆಟದಲ್ಲಿ ಹೊಡೆಯುವವನಿಗೂ ಹೊಡೆಸಿಕೊಳ್ಳುವವನಿಗೂ ಕವಚವುಂಟು; ನೋಡಲು ನಿಂತವನಿಗೆ ಏನುಂಟು? ಈ ಪ್ರಶ್ನೆಯು ನನ್ನಲ್ಲಿ ಹುಟ್ಟಿದ್ದು ಕ್ಯಾಲಿಫೋರ್ನಿಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ. ಅಲ್ಲಿಯ ಬರ್ಕ್‌ಲಿ ಎಂಬ ಊರಿನಲ್ಲಿ 1966ನೆಯ ಇಸವಿಯಲ್ಲಿ ಮೊದಲಾದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೋನಿಸಂ ಎಂಬ ಸಂಘವೊಂದುಂಟು. ಯೂರೋಪಿನ ಮಧ್ಯಯುಗದ ಉಡುಗೆ, ಅಡಿಗೆ, ಕಾಳಗಗಳನ್ನು ತಾವೇ ಆಚರಿಸಿ ನೋಡುವುದು ಅದರವರ ವಿನೋದ. ನನ್ನ ಮೊಮ್ಮಗನೂ ಅದಕ್ಕೆ ಸೇರಿದ್ದನು.

ಕಾಳಗವು ನಾಟಕದ್ದಲ್ಲ, ಸೋಲು ಗೆಲವುಗಳು ಮೊದಲೇ ಗೊತ್ತಾದವಲ್ಲ. ಪೆಟ್ಟು ನಿಜವಾಗಿಯೇ ಬೀಳುತ್ತದೆ. ಅದು ತಕ್ಕಷ್ಟು ಬಲವಾಗಿತ್ತೆಂಬುದನ್ನು ತಿಂದವನೇ ಒಪ್ಪಿಕೊಳ್ಳಬೇಕು. (ನ್ಯಾಯಸ್ಥಾನಗಳಲ್ಲಿ ಈ ಪದ್ಧತಿ ಬಂದರೆ ವಕೀಲರ ಗತಿಯೇನು!) ಕತ್ತಿ ಮಾತ್ರ ಬೆತ್ತದ್ದು, ದಪ್ಪವು 1¼ ಅಂಗುಲಕ್ಕೆ ಕಡಮೆಯಿರಕೂಡದು. ಬೆತ್ತವು ಮುರಿಯುವಾಗ ನಾರುನಾರಾಗುವುದೇ ಹೊರತು ಮರದಂತೆ ಚೂಪಾದ ಸೀಳಾಗಿ ಸಿಡಿಯದು. 1559ರಲ್ಲಿ ಫ್ರಾನ್ಸಿನ ದೊರೆ ಎರಡನೆಯ ಹೆನ್ರಿಯು ಪಂದ್ಯದ ಕಾಳಗದಲ್ಲಿ ಮುರಿದ ಭಲ್ಲೆಯದ ಸೀಳು ಮುಖಕ್ಕೆ ಹೊಕ್ಕು ಸತ್ತುದನ್ನು ಬಲ್ಲವರಿಗೆ ಈ ಎಚ್ಚರದ ಬೆಲೆ ತಿಳಿದೀತು.

ಆದರೆ ನನ್ನ ಮನಸ್ಸನ್ನು ಸೆಳೆದುದು ಒಂದು ಚರ್ಮದ ಕುಣಿಕೆ. ಒಂದೇ ಕೈಯಿಂದ ಬೀಸುವ ಆಯುಧವು ಬೀಸಿದವನ ಬಳಿಯನ್ನು ಬಿಟ್ಟು ಹಾರದಂತೆ ಮಣಿಕಟ್ಟಿಗೆ ಕುಣಿಕೆಯೋ ಅಂಥ ಬೇರೆ ಕಟ್ಟೋ ಇರತಕ್ಕದ್ದೆಂದು ನಿಯಮ. ಕಣಕ್ಕಿಳಿಯುವ ಮೊದಲು ಮಾರ್ಷಲ್ ಎಂಬ ಅಧಿಕಾರಿಯು ಅದನ್ನು ಪರೀಕ್ಷಿಸುತ್ತಾನೆ. ಮೊಮ್ಮಗನಿಗೆ ಇದೊಂದು ಕಿರುಕುಳ. "ತಾತ, ಕತ್ತಿ ಜಾರಿದರೆ ತೂಗಾಡಿ ನನ್ನ ಮೊಣಕಾಲಿಗೇ ಬಡಿಯುತ್ತೆ, ಬಿಗಿಯಾಗಿ ಕಟ್ಟಿದರೆ ಕೈ ಉಳುಕುತ್ತೆ" ಎಂದನು. ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಕುಣಿಕೆಯು ನೀಳವಾದರೆ ಕತ್ತಿಯು ಗಡಿಯಾರದ ಲೋಲಕವಾಗುವುದು. ತೀರ ಗಿಡ್ಡವಾದರೆ, ಕತ್ತಿಯು ಎದುರಾಳಿಯ ಗುರಾಣಿಗೆ ಸಿಕ್ಕಿದಾಗ ಕೈಯನ್ನೂ ಎಳೆದೀತು. ಜಾರಿದ ಹಿಡಿಯನ್ನು ಮತ್ತೆ ಹಿಡಿಯುವಷ್ಟು ಸಡಿಲವಿದ್ದರೆ ಸಾಕು. ಆದರೂ ನಾನು ಅವನ ಪಕ್ಷವನ್ನು ವಹಿಸಲಿಲ್ಲ. ಉಕ್ಕಿನ ಶಿರಸ್ತ್ರಾಣವೂ ಕೊರಳ ಕಾಪೂ ಅವನಿಗುಂಟು. ಹಗ್ಗದಾಚೆ ಹುಲ್ಲಿನ ಮೇಲೆ ಕುಳಿತ ಅವನ ತಾಯಿಗೆ ಸೆರಗು ಮಾತ್ರ.

ಅಗ್ನಿಪುರಾಣದ ಧನುರ್ವೇದ ಭಾಗವು ಆಯುಧಗಳನ್ನು ಯಂತ್ರಮುಕ್ತ, ಪಾಣಿಮುಕ್ತ, ಮುಕ್ತಸಂಧಾರಿತ, ಅಮುಕ್ತ ಎಂದು ವಿಂಗಡಿಸಿ, ಖಡ್ಗವನ್ನು ಕೈಬಿಡದ ಅಮುಕ್ತಗಳಲ್ಲಿ ಸೇರಿಸಿದೆ. ಪಾಠಶಾಲೆಯಲ್ಲಿ ಓದಿದಾಗ ನಮಗದು ಬರಿಯ ಪಟ್ಟಿ. ಬೆವೆತ ಕೈಯಿಂದ ಜಾರಿದ ಕ್ಷಣದಲ್ಲಿ ಅಮುಕ್ತವು ಪಾಣಿಮುಕ್ತವಾಗುತ್ತದೆ. ಅದೂ ಗುರಿಯಿಲ್ಲದ ಪಾಣಿಮುಕ್ತ.

ಇಂಥ ಕಟ್ಟು ಈಗಿನವರ ಅಂಜುಬುರುಕುತನವೆಂದು ಹುಡುಗನ ಎಣಿಕೆ. ಇಂಗ್ಲೆಂಡಿನ ಟ್ರಂಪಿಂಗ್ಟನ್ ಊರಿನ ಚರ್ಚಿನಲ್ಲಿ ಸುಮಾರು 1300ರ ಕಾಲದ ವೀರನೊಬ್ಬನ ಹಿತ್ತಾಳೆಯ ಸಮಾಧಿಫಲಕವಿದೆ. ಅವನ ಶಿರಸ್ತ್ರಾಣವನ್ನು ಸರಪಣಿಯಿಂದ ನಡುವಿಗೆ ಸೇರಿಸಿದೆ. 14ನೆಯ ಶತಮಾನದ ಸಮಾಧಿಶಿಲ್ಪಗಳಲ್ಲಿ ಎದೆಯಿಂದ ಕತ್ತಿಯ ಹಿಡಿಗೂ ಬಾಕುವಿನ ಹಿಡಿಗೂ ಸರಪಣಿಗಳು ಇಳಿದಿರುವುದುಂಟು. ಆ ಚಿತ್ರಗಳನ್ನು ತೋರಿಸಿದ ಮೇಲೆ ಅವನು ಕುಣಿಕೆಯನ್ನು ತೆಗೆಯುವ ಮಾತನ್ನು ಬಿಟ್ಟು, ಅದನ್ನು ಎರಡು ಬೆರಳಷ್ಟು ಗಿಡ್ಡಮಾಡಿ ಹೊಲಿಯಲು ಕುಳಿತನು.