ದಶಮಿಯ ದಿನದ ಇಚ್ಛಾಮತಿ

ಟಾಕಿಯಲ್ಲಿ ದುರ್ಗೆಯನ್ನು ನೀರಿಗೆ ಬಿಡುವ ರೀತಿಯೇ ಬೇರೆ. ಎರಡು ದೋಣಿಗಳನ್ನು ಜೋಡಿಸಿ ಕಟ್ಟಿ, ಅವುಗಳ ಮೇಲೆ ಅಡ್ಡಲಾಗಿ ಮೂರ್ತಿಯನ್ನು ಕೂರಿಸುತ್ತಾರೆ. ಢಾಕ್ ಬಡಿಯುತ್ತ ಹೊಳೆಯ ನಡುವಿಗೆ ಬಂದ ಮೇಲೆ ಹಗ್ಗ ಬಿಚ್ಚಿ, ದೋಣಿಗಳನ್ನು ಮೆಲ್ಲಗೆ ಆಚೀಚೆ ಸರಿಸುತ್ತಾರೆ. ನಡುವೆ ತೆರೆದುಕೊಂಡ ನೀರಿಗೆ ತಾಯಿ ಜಾರಿ ಇಳಿಯುತ್ತಾಳೆ.

ಇಚ್ಛಾಮತಿಯ ಆ ನಡುನೀರಲ್ಲೇ ಭಾರತ, ಬಾಂಗ್ಲಾದೇಶಗಳ ಗಡಿ. ಈಚೆ ಉತ್ತರ 24 ಪರಗಣ ಜಿಲ್ಲೆಯ ಟಾಕಿ, ಆಚೆ ಸಾತಖೀರಾ ಜಿಲ್ಲೆಯ ದೇಭಾಟಾ. ವರ್ಷವಿಡೀ ಬಂದೂಕಿನ ಕಾವಲು. ವಿಜಯದಶಮಿಯ ಮಧ್ಯಾಹ್ನ ಮಾತ್ರ ಎರಡೂ ದಡದ ದೋಣಿಗಳು ಬೆರೆತುಹೋಗುತ್ತಿದ್ದವು. ಯಾರು ಯಾವ ದೇಶದವರೆಂದು ದೋಣಿಗೆ ಸಿಕ್ಕಿಸಿದ ಬಾವುಟ ನೋಡಿಯೇ ಹೇಳಬೇಕಿತ್ತು. ಆಡುವ ಮಾತು ಒಂದೇ ಬಂಗಾಳಿ.

ಈ ಗೆರೆಗೆ ಮಹಾ ವಯಸ್ಸೇನೂ ಆಗಿಲ್ಲ. 1947ರ ಜುಲೈನಲ್ಲಿ ಮೊದಲ ಸಲ ಭಾರತಕ್ಕೆ ಕಾಲಿಟ್ಟ ಸಿರಿಲ್ ರಾಡ್‌ಕ್ಲಿಫ್ ಐದೇ ವಾರದಲ್ಲಿ ಎಳೆದದ್ದು. ಬಹಿರಂಗವಾದದ್ದು ಆಗಸ್ಟ್ 17ಕ್ಕೆ. ಅಷ್ಟರಲ್ಲಿ, ಆಗ ಸಾತಖೀರಾವೂ ಸೇರಿದ್ದ ಖುಲ್ನಾ ಜಿಲ್ಲೆಯಲ್ಲಿ ನಾವು ಭಾರತವೇ ಎಂದು ನಂಬಿ ತ್ರಿವರ್ಣ ಧ್ವಜ ಹಾರಿಸಿಯಾಗಿತ್ತು. ಮೂರು ದಿನದ ಮೇಲೆ ಅದು ಪಾಕಿಸ್ತಾನ! ಇಂಥ ಗೆರೆಯನ್ನು ವರ್ಷಕ್ಕೊಮ್ಮೆ ಜನ ಮರೆತರೆ ತಪ್ಪೇನು ಅನ್ನಿಸುತ್ತದೆ.

ಆದರೆ ದೋಣಿಗಳು ಮುಗುಚಿ ಸಾವು ಸಂಭವಿಸಿತು. ಹಬ್ಬದ ಗದ್ದಲದಲ್ಲಿ ಈಚೆ ಇಳಿದವರು ಮರಳಲಿಲ್ಲವೆಂಬ ದೂರೂ ಬಂತು. 2010ರ ದಶಕದಿಂದೀಚೆಗೆ ನಡುಹೊಳೆಯಲ್ಲಿ ಎರಡೂ ದೇಶಗಳ ಕಾವಲು ದೋಣಿಗಳು ನಿಲ್ಲುತ್ತವೆ. ಅವರವರ ನೀರಿನಲ್ಲಿ ಅವರವರ ದೇವಿ. ಕಾವಲಿನವರನ್ನು ಬೈಯಲಾರೆ. ಆದರೂ ವರ್ಷಕ್ಕೊಂದು ಮಧ್ಯಾಹ್ನದ ಆ ಸಡಿಲಿಕೆಯನ್ನು ಜೋಪಾನ ಮಾಡಿ ಉಳಿಸಿಕೊಳ್ಳಬಹುದಿತ್ತು.

ಹೊಳೆಯೂ ಮೊದಲಿನದಲ್ಲ. ನದಿಯಾ ಜಿಲ್ಲೆಯ ಮಾಜ್‌ದಿಯಾ ಬಳಿ ಮಾಥಾಭಾಂಗಾದಿಂದ ಅದು ಕವಲೊಡೆಯುವ ಬಾಯಿಯೇ ಹೂಳಿನಿಂದ ಕಟ್ಟಿಕೊಂಡಿದೆ. ಬಿಭೂತಿಭೂಷಣ ಬಂದ್ಯೋಪಾಧ್ಯಾಯರು ಯಾವ ಹೊಳೆಯ ದಡದಲ್ಲಿ ಬಾಳಿ, ಯಾವ ಹೆಸರನ್ನು ಕಾದಂಬರಿಗೆ ಇಟ್ಟರೋ ಆ ಮೇಲ್ಭಾಗದಲ್ಲಿ ಎಷ್ಟೋ ಕಡೆ ಈಗ ನೀರಿಗಿಂತ ಕಳೆಯೇ ಹೆಚ್ಚು. ಟಾಕಿಯಲ್ಲಿ ಅದು ತುಂಬಿ ಕಾಣುವುದು ಕಡಲ ಉಬ್ಬರದ ದಯೆಯಿಂದ.

ದೇಭಾಟಾದ ದಡದಲ್ಲಿ ಕೈಬೀಸುವ ನೆಂಟರನ್ನು ಟಾಕಿಯವರು ಇಲ್ಲಿಂದಲೇ ನೋಡಬಹುದು. ಮಾತಾಡಿಸಬೇಕೆಂದರೆ ಮಾತ್ರ ಪಾಸ್‌ಪೋರ್ಟ್, ವೀಸಾ ಹಿಡಿದು ಘೋಜಾಡಾಂಗಾ ಚೆಕ್‌ಪೋಸ್ಟ್ ಸುತ್ತಿಕೊಂಡು ಹೋಗಬೇಕು.