ಬಾಕಿ ಉಳಿದ ಒಂದು ಲೆಕ್ಕ

ಈ ಸ್ಮರಣ ಸಂಚಿಕೆಗೆ ನನ್ನಿಂದಲೂ ನಾಲ್ಕು ಮಾತು ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಶಿಸ್ತು, ಸಮಯಪಾಲನೆ ಮೊದಲಾದವುಗಳ ಕುರಿತು ಬರೆಯುವುದು ಸುಲಭವಾಗಿತ್ತು. ಆದರೆ ಆ ಮಾತುಗಳನ್ನು ನೀವು ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ನನ್ನ ಬಾಯಿಂದ ಬೇಕಾದಷ್ಟು ಕೇಳಿರುವಿರಿ. ಆದುದರಿಂದ ಈ ಸಲ ಹಾಡಿನ ಕ್ಯಾಸೆಟ್ಟುಗಳ ಒಂದು ಪಟ್ಟಿಯ ವಿಷಯವನ್ನೂ ಅದರ ದೆಸೆಯಿಂದ ನನ್ನ ಮೇಲೆ ಬಿದ್ದ ಒಂದು ಸಾಲದ ವಿಷಯವನ್ನೂ ಹೇಳುತ್ತೇನೆ.

ನನ್ನ ತವರೂರು ಹಂಗಾರಕಟ್ಟೆ. ಸೀತಾ, ಸ್ವರ್ಣಾ ನದಿಗಳು ಕೂಡಿ ಕಡಲಿಗೆ ಸೇರುವ ಅಳಿವೆಯ ದಡದಲ್ಲಿ ಮನೆಯಿದ್ದವರು ಉಪ್ಪುಗಾಳಿಯ ಗುಣವನ್ನು ಬಲ್ಲರು. ಕಬ್ಬಿಣಕ್ಕೆ ತುಕ್ಕು, ಕಾಗದಕ್ಕೆ ತೇವ, ಕ್ಯಾಸೆಟ್ಟಿನ ಸುರುಳಿಗೆ ಬೂಷ್ಟು. ಆದಕಾರಣ ನಮ್ಮ ತಂದೆಯವರು ಕ್ಯಾಸೆಟ್ಟುಗಳನ್ನು ತಗಡಿನ ಟ್ರಂಕಿನಲ್ಲಿಟ್ಟು, ಮಳೆಗಾಲ ಕಳೆದೊಡನೆ ಜಗಲಿಯ ನೆರಳಿನಲ್ಲಿ ಹರವಿ ಗಾಳಿಗೊಡ್ಡುತ್ತಿದ್ದರು. ಅವುಗಳಲ್ಲಿ ಸಭೆಯ ಸಂಗೀತಗಳಿದ್ದವು. ಮಂಗಳೂರು ಆಕಾಶವಾಣಿಯಿಂದ ಹಿಡಿದಿಟ್ಟ ಹಾಡುಗಳಿದ್ದವು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ, 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ವಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಗುಂಡ್ಮಿಯ ಕಾಳಿಂಗ ನಾವಡರ ಭಾಗವತಿಕೆಯಿತ್ತು. ನಾವಡರು ಹುಟ್ಟಿದ್ದು 1958ರಲ್ಲಿ; 1990ರಲ್ಲಿ, ತುಂಬು ಯೌವನದಲ್ಲಿಯೇ, ತೀರಿಹೋದರು. ಅವರ ಕಂಠವು ನಮ್ಮ ಕಡೆಯ ಮನೆಮನೆಗಳಲ್ಲಿ ಉಳಿದದ್ದು ಈ ಕ್ಯಾಸೆಟ್ಟುಗಳ ಮೂಲಕವೇ. ಕ್ರೈಸ್ತರ ಮನೆಯಲ್ಲಿ ಯಕ್ಷಗಾನವೇಕೆಂದು ಕೆಲವರು ಕೇಳುವುದುಂಟು. ಬಡಗುತಿಟ್ಟಿನ ಸೀಮೆಯಲ್ಲಿ ಹುಟ್ಟಿದ ಕಿವಿಗೆ ಚೆಂಡೆಯ ಸದ್ದು ಬೇಡವೆಂದರೂ ಬಿಡದು ಎಂದು ತಂದೆಯವರು ನಗುತ್ತ ಉತ್ತರ ಕೊಡುತ್ತಿದ್ದರು.

ಆದರೆ ಅವರು ಬರೆದಂಟಿಸಿದ ಚೀಟಿಗಳು ನಂಬುವಂಥವಾಗಿರಲಿಲ್ಲ. ಒಂದರ ಮೇಲೆ ‘ಭಾಗವತಿಕೆ, ಒಳ್ಳೆಯದು’ ಎಂದಿತ್ತು. ಇನ್ನೊಂದರ ಮೇಲೆ ‘ಇದನ್ನು ಮುಟ್ಟಬಾರದು’ ಎಂದಷ್ಟೇ. ಹೀಗಿರುವಲ್ಲಿ ಒಂದು ಮಧ್ಯಾಹ್ನ ನನ್ನ ತಮ್ಮನು ಚೀಟಿಯಿಲ್ಲದ ಕ್ಯಾಸೆಟ್ಟೊಂದನ್ನು ಖಾಲಿಯೆಂದು ತಿಳಿದು ಅದರಲ್ಲಿ ಸಿನಿಮಾ ಹಾಡುಗಳನ್ನು ತುಂಬಿಸಿದನು. ಅದು 1988ರ ಕ್ರಿಸ್ಮಸ್ ಆರಾಧನೆಯಲ್ಲಿ ನಮ್ಮ ತಾಯಿಯವರು ಗಾಯನ ಮಂಡಳಿಯೊಡನೆ ಹಾಡಿದ್ದಾಗಿತ್ತು. ಅಷ್ಟರಲ್ಲಿ ಅವರು ತೀರಿಹೋಗಿ ಎರಡು ವರ್ಷವಾಗಿತ್ತು. ತಂದೆಯವರು ತಮ್ಮನನ್ನು ಬೈಯಲಿಲ್ಲ. ಆ ಸಂಜೆ ಕುಳಿತು, ಉಳಿದ ಕ್ಯಾಸೆಟ್ಟುಗಳ ಬೆನ್ನಿನಲ್ಲಿರುವ ಎರಡು ಚಿಕ್ಕ ಪ್ಲಾಸ್ಟಿಕ್ ಹಲ್ಲುಗಳನ್ನು ಚೂರಿಯ ತುದಿಯಿಂದ ಒಂದೊಂದಾಗಿ ಮುರಿದರು. ಆ ಹಲ್ಲುಗಳು ಹೋದರೆ ಯಂತ್ರವು ಅದರ ಮೇಲೆ ಬೇರೆ ಧ್ವನಿಯನ್ನು ಹಿಡಿಯದು. ಆದರೆ ಒಳಗೆ ಏನಿದೆಯೆಂಬುದು ಹಲ್ಲು ಮುರಿದ ಮಾತ್ರಕ್ಕೆ ತಿಳಿಯುವುದಿಲ್ಲವಷ್ಟೆ.

2003ರ ಬೇಸಗೆಯ ರಜೆಯಲ್ಲಿ ಮನೆಗೆ ಕಂಪ್ಯೂಟರ್ ಬಂದಿತು. ಆ ಕಾಲದಲ್ಲಿ ಕಂಪ್ಯೂಟರ್ ಪತ್ರಿಕೆಗಳೊಡನೆ ಒಂದು ಸಿ.ಡಿ. ಬರುತ್ತಿತ್ತು. ಅಂಥದೊಂದರಲ್ಲಿ ಮನೆಯ ಹಾಡುಗಳ ಪಟ್ಟಿ ಮಾಡುವ ಒಂದು ಸಣ್ಣ ತಂತ್ರಾಂಶವು ನನ್ನ ಕಣ್ಣಿಗೆ ಬಿತ್ತು. ಒಂದೊಂದು ಕ್ಯಾಸೆಟ್ಟಿಗೆ ಒಂದೊಂದು ಸಂಖ್ಯೆ; ಅದರ ಕೆಳಗೆ ಹಾಡಿನ ಹೆಸರು, ಹಾಡಿದವರು, ಮಗ್ಗುಲು, ನಿಮಿಷ, ಸೆಕೆಂಡು. ಬೇಕಾದ ಹೆಸರನ್ನು ಕೇಳಿದರೆ ಯಾವ ಕ್ಯಾಸೆಟ್ಟಿನ ಯಾವ ಮಗ್ಗುಲಲ್ಲಿದೆಯೆಂದು ಕ್ಷಣದಲ್ಲಿ ಹೇಳುತ್ತಿತ್ತು.

ಅದರ ಇನ್ನೊಂದು ಕೆಲಸವು ಗಣಿತದ ಶಿಕ್ಷಕಿಯಾಗಿದ್ದ ನನಗೆ ಬಹಳ ಮೆಚ್ಚಿಗೆಯಾಯಿತು. ಬೇರೆ ಬೇರೆ ಕಡೆಯ ಹಾಡುಗಳನ್ನು ಆರಿಸಿ ಹೊಸ ಕ್ಯಾಸೆಟ್ಟು ಮಾಡುವವರಿಗೆ ದೊಡ್ಡ ತೊಂದರೆಯು ಅಳತೆಯದು. ಫಿಲಿಪ್ಸ್ ಕಂಪೆನಿಯವರು 1963ರಲ್ಲಿ ಹೊರತಂದ ಈ ಸಾಧನದಲ್ಲಿ, ತೊಂಬತ್ತು ನಿಮಿಷದ್ದಾದರೆ, ಒಂದು ಮಗ್ಗುಲಿಗೆ 45 ನಿಮಿಷ. 4 ನಿಮಿಷ 40 ಸೆಕೆಂಡಿನ ಒಂಬತ್ತು ಹಾಡುಗಳಿಗೆ 42 ನಿಮಿಷ ಹೋಗುತ್ತದೆ. ನಡುವೆ ಐದೈದು ಸೆಕೆಂಡಿನ ಎಂಟು ಬಿಡುವುಗಳಿಗೆ 40 ಸೆಕೆಂಡು. ಉಳಿಯುವುದು 2 ನಿಮಿಷ 20 ಸೆಕೆಂಡು. ಅಲ್ಲಿ ಹತ್ತನೆಯ ಹಾಡನ್ನು ಹಿಡಿಸಹೋದರೆ ಅದು ನಡುವಿನಲ್ಲಿ ತುಂಡಾಗುವುದು. ಬಿಟ್ಟರೆ ಕೇಳುವವರು ಸುಮ್ಮನೆ ಕಾಯಬೇಕು. ಈ ತಂತ್ರಾಂಶವು ಪಟ್ಟಿಯನ್ನೆಲ್ಲ ಹುಡುಕಿ, ಆ ಸಂದಿಗೆ ಸರಿಯಾಗಿ ಕೂರುವ ಚಿಕ್ಕ ಹಾಡನ್ನು ತಾನೇ ತೋರಿಸಿಕೊಡುತ್ತಿತ್ತು.

ಆ ರಜೆಯಲ್ಲಿ ತಂದೆಯವರೂ ನಾನೂ 214 ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕೇಳಿದೆವು. ಹಾಡಿದವರ ಹೆಸರು ಸಾಕೆಂದು ನಾನು. ಮದ್ದಳೆ ಯಾರದು, ಚೆಂಡೆ ಯಾರದು, ಯಾವ ಗದ್ದೆಯಲ್ಲಿ ಆಟ, ಆ ರಾತ್ರಿ ಮಳೆ ಬಂದಿತೋ ಎಂಬುದನ್ನೂ ಬರೆಯಬೇಕೆಂದು ಅವರು. ತಾಯಿಯವರು ಹೋದ ಮೇಲೆ ಮಾತು ಕಡಿಮೆ ಮಾಡಿದ್ದ ಮನುಷ್ಯರು ಆ ಒಂದು ತಿಂಗಳಲ್ಲಿ ಆಡಿದಷ್ಟು ಮಾತನ್ನು ಮತ್ತೆ ಆಡಲಿಲ್ಲ. 2009ರಲ್ಲಿ ಅವರೂ ತೀರಿಕೊಂಡರು. ಈಗ ಆ ಸಂಗತಿಗಳಿರುವುದು ಆ ಪಟ್ಟಿಯಲ್ಲಿ ಮಾತ್ರ.

ಇನ್ನು ಸಾಲದ ವಿಷಯ. ಆ ತಂತ್ರಾಂಶವು ‘ಶೇರ್‌ವೇರ್’ ಎಂಬ ಜಾತಿಯದು. ಮೊದಲು ಬಳಸಿ ನೋಡಿರಿ, ಸ್ನೇಹಿತರಿಗೂ ಕೊಡಿರಿ, ಉಪಯೋಗವಾಯಿತೆಂದು ಕಂಡರೆ ಮಾಡಿದವನಿಗೆ ಇಷ್ಟು ಹಣ ಕಳುಹಿಸಿರಿ ಎಂಬುದು ಅದರ ಕ್ರಮ. 1982ರಲ್ಲಿ ಅಮೆರಿಕದಲ್ಲಿ ಆಂಡ್ರ್ಯೂ ಫ್ಲೂಗೆಲ್‌ಮನ್, ಜಿಮ್ ನಾಫ್ ಎಂಬಿಬ್ಬರು ಈ ದಾರಿಯನ್ನು ತೆರೆದರು. ಮರುವರ್ಷ ಬಾಬ್ ವಾಲೇಸ್ ಎಂಬವರು ತಮ್ಮ ತಂತ್ರಾಂಶದೊಡನೆ ಈ ಹೆಸರನ್ನು ಬಳಕೆಗೆ ತಂದರು. ಇವರಲ್ಲಿ ನಾಫ್ ಎಂಬವರು ಪಟ್ಟಿ ಮಾಡುವ ತಮ್ಮ ತಂತ್ರಾಂಶವನ್ನು ಮೊದಲು ರಚಿಸಿದ್ದು ಒಂದು ಕ್ರೈಸ್ತಸಭೆಯ ಕೆಲಸಕ್ಕೆ ನೆರವಾಗಲೆಂದು. ನಮ್ಮ ಸಭೆಯಲ್ಲಿ ಕಾಣಿಕೆಯ ಚೀಲ ಬರುವಾಗ ಮುಷ್ಟಿಯೊಳಗೆ ಎಷ್ಟಿದೆಯೆಂದು ಪಕ್ಕದವರು ನೋಡುವುದಿಲ್ಲ. ಈ ವ್ಯಾಪಾರವೂ ಅಂಥದ್ದೇ.

ನನ್ನದಕ್ಕೆ ಗೊತ್ತುಮಾಡಿದ್ದು ಮೂವತ್ತು ದಿನ. ಬೆಲೆ ಇಪ್ಪತ್ತು ಡಾಲರು, ಆಗಿನ ಲೆಕ್ಕದಲ್ಲಿ ಸುಮಾರು ಒಂಬೈನೂರು ರೂಪಾಯಿ. ಮೂವತ್ತೊಂದನೆಯ ದಿನ ಅದು ನಿಲ್ಲಲಿಲ್ಲ. ತೆರೆದಾಗಲೆಲ್ಲ ನೀವು ಇಷ್ಟು ದಿನಗಳಿಂದ ಬಳಸುತ್ತಿದ್ದೀರಿ ಎಂದು ತಿಳಿಸುವ ಒಂದು ಸಣ್ಣ ಕಿಟಕಿ ಕಾಣಿಸಿಕೊಳ್ಳುತ್ತಿತ್ತು. ನಾನು ‘ಆಮೇಲೆ’ ಎಂಬ ಗುಂಡಿಯನ್ನು ಒತ್ತುತ್ತಿದ್ದೆ. ನನ್ನಲ್ಲಿ ಕ್ರೆಡಿಟ್ ಕಾರ್ಡು ಇರಲಿಲ್ಲ, ಅಂಚೆಯ ಮನಿಯಾರ್ಡರಿನಿಂದ ಆ ಕೆಲಸವಾಗದು, ಸಂಬಳವೂ ಚಿಕ್ಕದು. ಕಾರಣಗಳೆಲ್ಲ ನಿಜವೇ. ಆದರೆ ಕಾರ್ಡು ಉಳ್ಳವರನ್ನು ಒಮ್ಮೆಯಾದರೂ ನಾನು ಕೇಳಲಿಲ್ಲವೆಂಬುದೂ ನಿಜ.

2005ರ ಫೆಬ್ರವರಿಯಲ್ಲಿ ಹತ್ತನೆಯ ತರಗತಿಯವರ ಬೀಳ್ಕೊಡುಗೆಗೆಂದು ಹುಡುಗಿಯರು ತಾವೇ ಹಾಡಿದ ಹಾಡುಗಳ ಕ್ಯಾಸೆಟ್ಟು ಮಾಡಬೇಕೆಂದು ಹಟ ಹಿಡಿದರು. ನಾನು ನನ್ನ ಕಂಪ್ಯೂಟರನ್ನೇ ಶಾಲೆಗೆ ತರಿಸಿದೆನು. ಲೆಕ್ಕ ಹಾಕಲು ಕೂತವಳು ಆ ಕಿಟಕಿಯನ್ನು ಗಟ್ಟಿಯಾಗಿ ಓದಿದಳು.

“ಟೀಚರ್, 643 ದಿನ ಎಂದು ಬರೆದಿದೆ. ಮೂವತ್ತು ದಿನ ಮಾತ್ರವಲ್ಲವೇ?”

“ಅದನ್ನು ಮುಚ್ಚಮ್ಮಾ. ಹಾಡಿನ ಲೆಕ್ಕ ನೋಡು” ಎಂದೆನು.

ಅವಳು ವಿಧೇಯಳಾದ ಹುಡುಗಿ, ಮುಚ್ಚಿದಳು. ಅದೇ ವಾರ ಗ್ರಂಥಾಲಯದ ಪುಸ್ತಕವನ್ನು ಹನ್ನೆರಡು ದಿನ ತಡಮಾಡಿ ತಂದವಳೊಬ್ಬಳಿಂದ, ದಿನಕ್ಕೆ ಇಪ್ಪತ್ತೈದು ಪೈಸೆಯಂತೆ, ನಾನು ಮೂರು ರೂಪಾಯಿ ದಂಡ ವಸೂಲು ಮಾಡಿದ್ದೆನು.

2008ರಲ್ಲಿ ತಮ್ಮನಿಗೆ ಕಾರ್ಡು ಸಿಕ್ಕಿತು. ಹಣ ಕಳುಹಿಸಹೋದಾಗ ಆ ವಿಳಾಸವೇ ಇಲ್ಲವಾಗಿತ್ತು; ಬರೆದ ಮಿಂಚಂಚೆಯು ಹಿಂದಿರುಗಿತು. ಮಾಡಿದವನು ಕೆಲಸವನ್ನು ಬಿಟ್ಟನೋ, ನನ್ನಂಥವರು ಬಹಳ ಮಂದಿ ಇದ್ದುದರಿಂದ ಬಿಡಬೇಕಾಯಿತೋ ಎಂಬ ಯೋಚನೆಯು ಈಗಲೂ ಬರುತ್ತದೆ. ಹೊಸ ಕಂಪ್ಯೂಟರಿನಲ್ಲಿ ಆ ತಂತ್ರಾಂಶವು ತೆರೆಯಲಿಲ್ಲ. ಪಟ್ಟಿಯನ್ನು ಬರಿಯ ಅಕ್ಷರಗಳ ಕಡತವಾಗಿ ತೆಗೆದಿಟ್ಟಿದ್ದರಿಂದ ಅದು ಉಳಿಯಿತು. ಇಂಗ್ಲಿಷ್ ಅಕ್ಷರಗಳಲ್ಲಿದ್ದ ಅದನ್ನು ನಾನು ಮತ್ತೆ ಕನ್ನಡದಲ್ಲಿ ಬರೆದೆನು. ಆಗ ಬಳಸಿದ ಕೀಲಿಮಣೆಯ ವಿನ್ಯಾಸವು ನಮ್ಮ ಜಿಲ್ಲೆಗಳವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರು ರಚಿಸಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟದ್ದು. ರಾಯರು ಬೆಲೆ ಕೇಳಲಿಲ್ಲ, ಅಲ್ಲಿ ಕೃತಜ್ಞತೆ ಸಾಕು. ಬೆಲೆ ಕೇಳಿ, ನಮ್ಮನ್ನು ನಂಬಿ ಕಾದವನಿಗೆ ಕೃತಜ್ಞತೆ ಸಾಲದು.

ನಿಮ್ಮ ಅಟ್ಟದ ಮೇಲೆಯೂ ಇಂಥ ಕ್ಯಾಸೆಟ್ಟುಗಳಿರಬಹುದು. ಹಾಡಿದವರು ಯಾರು, ಎಲ್ಲಿ, ಯಾವಾಗ ಎಂದು ಹಿರಿಯರನ್ನು ಕೇಳಿ, ಅವರಿರುವಾಗಲೇ ಬರೆದಿಡಿರಿ. ಇನ್ನೊಬ್ಬರ ದುಡಿಮೆಯಿಂದ ಆ ಕೆಲಸ ಸುಲಭವಾದರೆ, ಅವರ ವಿಳಾಸವಿರುವಾಗಲೇ ಸಲ್ಲಿಸತಕ್ಕದ್ದನ್ನು ಸಲ್ಲಿಸಿರಿ.

ನನ್ನ ಪಟ್ಟಿಯಲ್ಲಿ 214ರ ಕೆಳಗೆ ಇನ್ನೊಂದು ಸಾಲನ್ನು ಸೇರಿಸಿರುವೆನು. ಅದರಲ್ಲಿ ತಂತ್ರಾಂಶದ ಹೆಸರು, ಮಾಡಿದವನ ಹೆಸರು, ಇಪ್ಪತ್ತು ಡಾಲರು. ಕೊನೆಯಲ್ಲಿ ‘ಬಾಕಿ’ ಎಂದಿದೆ.

ಅಂದು ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿಯೂ ಈ ಸಂಚಿಕೆಯನ್ನು ಓದುವಳೆಂದು ನಂಬಿದ್ದೇನೆ. ಈಗ ಅವಳೂ ತಾಯಿಯಾಗಿರಬಹುದು. ಮಗಳೇ, ನೀನು ಕೇಳಿದ್ದು ಸರಿ. ಮೂವತ್ತು ದಿನ ಮಾತ್ರ.