ಜೆಮಿನಿ ಸರ್ಕಲ್ಲಿನ ಸ್ಕ್ರೀನ್ ಟೆಸ್ಟ್

ರಾತ್ರಿ ಮದ್ರಾಸ್ ಮೇಲು ಹತ್ತೋದು ಅಂದ್ರೆ ಒಂದು ಕಾಲಕ್ಕೆ ನಮ್ಮ ಸಿನಿಮಾ ಹುಡುಗರ ಕಥೆ. ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆ, ಜೇಬಿನಲ್ಲಿ ಯಾರೋ ಬರೆದುಕೊಟ್ಟ ಪರಿಚಯದ ಚೀಟಿ, ಬೆಳಗಾದರೆ ಕೋಡಂಬಾಕಂ! ಈಗ ಅದೇ ರೈಲಿನಲ್ಲಿ ಬೇರೆ ಥರದ ಜನ ಕಾಣಿಸ್ತಾರೆ. ಮಡಿಲಲ್ಲಿ ಪ್ಲಾಸ್ಟಿಕ್ ಫೈಲು. ಫೈಲಿನೊಳಗೆ ಜಮೀನಿನ ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು, ಮಗಳ ಮದುವೆಯ ಫೋಟೋ. ಇವರಿಗೂ ಬೇಕಾಗಿರುವುದು ಒಂದು ಚಾನ್ಸೇ. ಊರಿಗೆ 1996ರಿಂದ ಚೆನ್ನೈ ಅಂತ ಹೆಸರು. ಆದರೆ ನನ್ನ ಜೊತೆ ಬಂದಿದ್ದ ದೊಡ್ಡಮ್ಮನ ಬಾಯಲ್ಲಿ ಇನ್ನೂ ಮದ್ರಾಸೇ. ಈ ಲೇಖನದಲ್ಲೂ ಹಾಗೇ ಇರಲಿ.

ದೊಡ್ಡಮ್ಮನಿಗೆ ಅರವತ್ತಾರು. ತಿಪಟೂರಿನ ಕಡೆ ಹಳ್ಳಿ, ಎರಡೂವರೆ ಎಕರೆ ತೆಂಗಿನ ತೋಟ. ದೊಡ್ಡಪ್ಪ ಹೋಗಿ ಆರು ವರ್ಷ. ಒಬ್ಬಳೇ ಮಗಳು ನ್ಯೂಜೆರ್ಸಿಯಲ್ಲಿ, ಈಗ ಬಸುರಿ. ಬಾಣಂತನಕ್ಕೆ ಅಮ್ಮ ಬರಲೇಬೇಕು ಅಂತ ದಿನಾ ಫೋನಿನಲ್ಲಿ ಅಳು. ಅದಕ್ಕೆ ಬೇಕು ಅಮೆರಿಕಾದ ಟೂರಿಸ್ಟ್ ವೀಸಾ. ಮನೆಯಲ್ಲಿ ಓಡಾಡೋಕೆ ಪುರುಸೊತ್ತು ಇರೋನು ಯಾರು? ಸಂಬಳದ ಕೆಲಸ ಇಲ್ಲದ ನಾನೇ.

“ಬೆಂಗಳೂರಲ್ಲೇ ಕೊಡಲ್ವೇನೋ?” ಅಂತ ದೊಡ್ಡಮ್ಮ ಕೇಳಿದ್ದು ನ್ಯಾಯವೇ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲೂ ಅಮೆರಿಕಾದ ಕಾನ್ಸುಲೇಟ್ ಉದ್ಘಾಟನೆ ಆಯ್ತು, ವಿದೇಶಾಂಗ ಮಂತ್ರಿ ಜೈಶಂಕರ್ ಅವರೇ ಬಂದಿದ್ದರು. ಆದರೆ ವೀಸಾ ಕೊಡೋ ಕೆಲಸ ಅದರ ಜೊತೆಗೇ ಶುರುವಾಗಲಿಲ್ಲ. ಹಾಗಾಗಿ ನಮಗೆ ಮದ್ರಾಸೇ ಗತಿ. ಅದೂ ಎರಡು ದಿನದ ಕೆಲಸ. ಒಂದು ದಿನ ಬೇರೆ ಆಫೀಸಿನಲ್ಲಿ ಬೆರಳಚ್ಚು ಮತ್ತು ಫೋಟೋ, ಮಾರನೇ ದಿನ ಕಾನ್ಸುಲೇಟಿನಲ್ಲಿ ಸಂದರ್ಶನ. ತೆಂಗಿನ ಮಟ್ಟೆ, ಕುಡುಗೋಲು ಹಿಡಿದು ಸವೆದ ಬೆರಳು ದೊಡ್ಡಮ್ಮನದು. ಮೆಷಿನ್ನಿಗೆ ಗೆರೆ ಸಿಗದೆ ನಾಲ್ಕು ಸಲ ಒತ್ತಿಸಿದರಂತೆ. “ಸೆರಗಿನಲ್ಲಿ ಒರೆಸಿ ಒರೆಸಿ ಕೊಟ್ಟೆ ಕಣೋ” ಅಂದರು.

ಈಗ ಜಾಗದ ವಿಷಯ. ಸಿನಿಮಾ ಪ್ರಿಯರಿಗೆ ಇದು ಗೊತ್ತಿರಲೇಬೇಕು. ಅಮೆರಿಕಾದ ಕಾನ್ಸುಲೇಟ್ ಇರೋದು ಮೌಂಟ್ ರೋಡಿನ, ಅಂದರೆ ಈಗಿನ ಅಣ್ಣಾ ಸಾಲೈಯ, ಜೆಮಿನಿ ಸರ್ಕಲ್ಲಿನಲ್ಲಿ. 1973ರಲ್ಲಿ ಕಟ್ಟಿದ ಫ್ಲೈಓವರಿಗೆ ಅಣ್ಣಾ ಮೇಲ್ಸೇತುವೆ ಅಂತ ಸರಕಾರಿ ಹೆಸರು. ಜನ ಕರೆಯೋದು ಮಾತ್ರ ಜೆಮಿನಿ. ಯಾವ ಜೆಮಿನಿ? ಎಸ್. ಎಸ್. ವಾಸನ್ ಅವರ ಜೆಮಿನಿ ಸ್ಟುಡಿಯೋ! ಇಬ್ಬರು ಪುಟ್ಟ ಹುಡುಗರು ಕಹಳೆ ಊದುವ ಗುರುತು ನೆನಪಿದೆಯೇ? 1948ರ ‘ಚಂದ್ರಲೇಖಾ’ದ ಆ ದೊಡ್ಡ ದೊಡ್ಡ ನಗಾರಿಗಳ ನೃತ್ಯ ಇಲ್ಲಿಂದಲೇ ಬಂದದ್ದು. ನಮ್ಮ ಆರ್. ನಾಗೇಂದ್ರರಾಯರು 1949ರ ‘ಅಪೂರ್ವ ಸಹೋದರರ್ಗಳ್’ ಚಿತ್ರದಲ್ಲಿ ಖಳನಾಯಕನಾಗಿ ತಮಿಳರನ್ನು ನಡುಗಿಸಿದ್ದು ಇದೇ ಬ್ಯಾನರಿನಲ್ಲಿ. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ದೊಡ್ಡ ಹೋಟೆಲು, ಕಟ್ಟಡಗಳು. ಉಳಿದಿರುವುದು ಹೆಸರೊಂದೇ.

ಬೆಳಿಗ್ಗೆ ಏಳಕ್ಕೆಲ್ಲ ಕಾಂಪೌಂಡಿನ ಪಕ್ಕ ಸಾಲು ಹತ್ತಿತ್ತು. ಮೊಬೈಲ್ ಒಳಗೆ ಬಿಡೋಲ್ಲ, ಇಟ್ಟುಕೊಳ್ಳೋ ವ್ಯವಸ್ಥೆಯೂ ಇಲ್ಲ. ಜೊತೆಗೆ ಬಂದವರೂ ಒಳಗೆ ಹೋಗುವಂತಿಲ್ಲ. ನನ್ನ ಕೈಯಲ್ಲಿ ದೊಡ್ಡಮ್ಮನ ಫೋನು, ಚೀಲ, ಬಿ.ಪಿ. ಮಾತ್ರೆ. ಸಾಲಿನಲ್ಲಿ ಐ.ಟಿ. ಹುಡುಗರಿದ್ದರು, ಕೂಸು ಎತ್ತಿಕೊಂಡ ಹೆಣ್ಣುಮಕ್ಕಳಿದ್ದರು. ಎಲ್ಲರಿಗಿಂತ ಹೆಚ್ಚಾಗಿ ದೊಡ್ಡಮ್ಮನಂಥವರೇ ಇದ್ದರು. ರೇಷ್ಮೆ ಸೀರೆ, ಕಾಲಿಗೆ ಹೊಸ ಷೂ. ಮೊದಲು 79 ದಾಟಿದವರಿಗೆ ಸಂದರ್ಶನದಿಂದ ವಿನಾಯಿತಿ ಇತ್ತು. 2025ರ ಸೆಪ್ಟೆಂಬರಿನಲ್ಲಿ ಅದನ್ನೂ ತೆಗೆದರು. ಕೋಲೂರಿಕೊಂಡು ಬಂದಿದ್ದ ಒಬ್ಬ ಅಜ್ಜ ಸಾಲಿನಲ್ಲಿ ನಿಂತೇ ವಿಷ್ಣು ಸಹಸ್ರನಾಮ ಹೇಳುತ್ತಿದ್ದರು.

ಸಿನಿಮಾದಲ್ಲಿ ಇದೆಲ್ಲ ಎಲ್ಲಿದೆ ಹೇಳಿ? ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ (1978) ಚಿತ್ರಕ್ಕೆ ವಿಷ್ಣು, ದ್ವಾರಕೀಶ್ ಕನ್ನಡ ಚಿತ್ರರಂಗವನ್ನೇ ಮೊದಲ ಸಲ ಪರದೇಶಕ್ಕೆ ಕರೆದುಕೊಂಡು ಹೋದರು. ನಾಗತಿಹಳ್ಳಿಯವರ ‘ಅಮೆರಿಕಾ ಅಮೆರಿಕಾ’ (1997) ನೋಡಿ ನಮ್ಮೂರಿನ ಅರ್ಧ ಹುಡುಗರು ಪಾಸ್‌ಪೋರ್ಟ್ ಮಾಡಿಸಿದರು. ತೆರೆಯ ಮೇಲೆ ಪರದೇಶ ಅಂದರೆ ಇಷ್ಟೇ: ಒಂದು ಷಾಟಿನಲ್ಲಿ ಮನೆ, ಒಂದು ಕಟ್, ಮುಂದಿನ ಷಾಟಿನಲ್ಲಿ ವಿಮಾನ. ಆ ಒಂದು ಕಟ್ಟಿನ ಮಧ್ಯೆ ಈ ಫುಟ್‌ಪಾತಿದೆ ಸ್ವಾಮಿ!

ಮೊದಲು ಡಿ.ಎಸ್. 160 ಅನ್ನೋ ಫಾರಂ. ಅಪ್ಪ ಅಮ್ಮನ ಹುಟ್ಟಿದ ದಿನದಿಂದ ಹಿಡಿದು, ನೀವು ಭಯೋತ್ಪಾದಕರೇ ಎನ್ನುವವರೆಗೆ ಪ್ರಶ್ನೆಗಳು. “ಇದಕ್ಕೆ ಹೌದು ಅನ್ನೋ ಪುಣ್ಯಾತ್ಮ ಯಾರಾದ್ರೂ ಇದ್ದಾನೇನೋ?” ಅಂತ ದೊಡ್ಡಮ್ಮ ನಕ್ಕರು. ಫೀಸು 185 ಡಾಲರ್, 2023ರ ಜೂನಿನಿಂದ. ಅದಕ್ಕೆ ಮುಂಚೆ 160 ಇತ್ತು. ವೀಸಾ ಸಿಗಲಿ ಬಿಡಲಿ, ಕಟ್ಟಿದ ಹಣ ವಾಪಸ್ ಇಲ್ಲ. ಫೋಟೋ ಎರಡು ಇಂಚಿಗೆ ಎರಡು ಇಂಚು, ಹಿಂದೆ ಬಿಳಿ, ಕನ್ನಡಕ ಕೂಡದು. ಆಮೇಲೆ ತಾರೀಕು ಸಿಗಬೇಕು. 2022ರ ಕೊನೆಯ ಹೊತ್ತಿಗೆ ನಮ್ಮ ದೇಶದ ಕೆಲವು ಕಡೆ ಹೊಸ ಟೂರಿಸ್ಟ್ ವೀಸಾದ ಸಂದರ್ಶನಕ್ಕೆ ಎರಡು ವರ್ಷಕ್ಕೂ ಮೀರಿ ಕಾಯಬೇಕಿತ್ತು. ಅಷ್ಟರಲ್ಲಿ ಮೊಮ್ಮಗು ಓಡಾಡುತ್ತಿರುತ್ತೆ! ನಮ್ಮ ಪುಣ್ಯ, ಅಷ್ಟು ಕಾಯೋ ಪ್ರಸಂಗ ಬರಲಿಲ್ಲ.

ಫಾರಂ ತುಂಬಿಸಿಕೊಟ್ಟ ಏಜೆಂಟ್ ಮಹಾಶಯನ ಕಥೆ ಹೇಳಲೇಬೇಕು. ಹೆಸರು ಬೇಡ. ಅವನು ದೊಡ್ಡಮ್ಮನಿಗೆ ಡೈಲಾಗ್ ಬರೆದುಕೊಟ್ಟಿದ್ದ! ಬಾಣಂತನ ಅಂತ ಬಾಯಿ ಬಿಡಬೇಡಿ, ನಯಾಗರಾ ನೋಡೋಕೆ, ಡಿಸ್ನಿಲ್ಯಾಂಡ್ ನೋಡೋಕೆ ಅನ್ನಿ, ಮಗಳ ಮನೆಯಲ್ಲಿ ಕೆಲಸ ಮಾಡೋಕೆ ಹೋಗ್ತೀರಿ ಅಂತ ಅನುಮಾನ ಬಂದರೆ ಮುಗೀತು ಅಂತ ಹೆದರಿಸಿದ್ದ. ರೈಲಿನಲ್ಲಿ ನಾನು ಆಫೀಸರ್ ಪಾರ್ಟು ಮಾಡಿ ಪ್ರಾಕ್ಟೀಸ್ ಮಾಡಿಸಿದೆ. ಮೂರನೇ ಟೇಕಿಗೆ ದೊಡ್ಡಮ್ಮ ಚೀಟಿ ಮಡಚಿ ಕಿಟಕಿಯಿಂದಾಚೆ ಎಸೆದರು. “ಮಗಳು ಹೆರ್ತಾಳೆ ಅಂತ ಹೇಳೋಕೂ ನಾಚ್ಕೋಬೇಕೇನೋ? ನಯಾಗರಾ ಕಟ್ಕೊಂಡು ನನಗೇನು?”

ನನಗೆ ಎದೆ ಡವಡವ. ಕಾರಣವಿದೆ. ಎರಡು ವರ್ಷದ ಹಿಂದೆ ನಾನೂ ಒಂದು ದೇಶದ ಟೂರಿಸ್ಟ್ ವೀಸಾಕ್ಕೆ ಅರ್ಜಿ ಹಾಕಿದ್ದೆ. ಯಾವ ದೇಶ ಅನ್ನೋದು ಇಲ್ಲಿ ಬೇಡ. ಹತ್ತು ದಿನ ನೋಡಿಕೊಂಡು ಬರೋಣ ಅಂತ ಆಸೆ, ಅಷ್ಟೇ. ಲೇಖನಕ್ಕಿಷ್ಟು ಅಂತ ಸಿಗೋ ದುಡ್ಡು, ಪೇ ಸ್ಲಿಪ್ ಇಲ್ಲ, ಮದುವೆ ಇಲ್ಲ, ಮನೆ ಬಾಡಿಗೆಯದು, ಓದು ಪಿ.ಯು.ಸಿ. ಅರ್ಧಕ್ಕೆ. ಬ್ಯಾಂಕಿನಲ್ಲಿ 412 ರೂಪಾಯಿ ಇತ್ತು. ಸ್ನೇಹಿತ ಒಬ್ಬ ವಾರದ ಮುಂಚೆ ಎರಡು ಲಕ್ಷ ಹಾಕಿದ. ಅದೇ ನನ್ನ ಪೆದ್ದುತನ! ಇಡೀ ವರ್ಷ ಸಾವಿರದಲ್ಲಿ ತೆವಳಿದ ಅಕೌಂಟು ಕೊನೆ ವಾರ ಲಕ್ಷಕ್ಕೆ ಹಾರಿದರೆ ಎಂಥ ಮುಗ್ಧನಿಗೂ ತಿಳಿಯುತ್ತೆ. ನಾನು ವಾಪಸ್ ಬರುವೆನೆಂದು ನಂಬಲು ಸಾಕಷ್ಟು ಆಧಾರ ಕಾಣುವುದಿಲ್ಲ ಎಂಬರ್ಥದ ಒಂದು ಅಚ್ಚಾದ ಕಾಗದ ಕೈಗೆ ಬಂತು. ಮನೆಗೆ ಬಂದು ಅದನ್ನು ಹತ್ತು ಸಲ ಓದಿದೆ. ಸಿಟ್ಟು ಬಂದದ್ದು ಅವರ ಮೇಲಲ್ಲ. ಆಧಾರ ಏನು ಅಂತ ನಾನೇ ಒಂದು ಪಟ್ಟಿ ಮಾಡೋಕೆ ಕೂತೆ, ನಾಲ್ಕನೇ ಸಾಲಿಗೆ ಪೆನ್ನು ನಿಂತುಹೋಯ್ತು.

ಅಮೆರಿಕಾದ ಕಾನೂನಿನಲ್ಲಂತೂ ಇದು ಬರೆದೇ ಇದೆ. 1952ರ ವಲಸೆ ಕಾಯಿದೆಯ 214 (ಬಿ) ಕಲಮಿನ ಪ್ರಕಾರ, ಟೂರಿಸ್ಟ್ ವೀಸಾ ಕೇಳುವವರು ಅಲ್ಲೇ ನೆಲೆಸೋಕೆ ಬರುವವರು ಅಂತಲೇ ಮೊದಲು ಭಾವಿಸಬೇಕು. ಅಲ್ಲ ಅಂತ ತೋರಿಸಿಕೊಡೋದು ಅರ್ಜಿದಾರನ ಹೊಣೆ. ಕೋರ್ಟಿನಲ್ಲಿ ಕಳ್ಳನಿಗೂ ಮೊದಲು ನಿರಪರಾಧಿ ಅನ್ನೋ ಗೌರವ ಇರುತ್ತೆ. ಇಲ್ಲಿ ಲೆಕ್ಕ ತಿರುಗಾಮುರುಗಾ. ಈ ಕಲಮಿನಲ್ಲಿ ಬೇಡ ಅಂದರೆ ಅಪೀಲು ಇಲ್ಲ. ಮತ್ತೆ ಫೀಸು ಕಟ್ಟಿ ಹೊಸ ಅರ್ಜಿ ಹಾಕಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಸುಳ್ಳು ಕಾಗದ ಕೊಟ್ಟು ಸಿಕ್ಕಿಬಿದ್ದರೆ ಜನ್ಮಪೂರ್ತಿ ಬಾಗಿಲು ಮುಚ್ಚಬಹುದು. ಡೈಲಾಗ್ ಬರೆದುಕೊಡುವ ಏಜೆಂಟರು ಇದೊಂದನ್ನು ಮಾತ್ರ ಹೇಳೋಲ್ಲ.

ಒಂಬತ್ತಾಯ್ತು. ದೊಡ್ಡಮ್ಮ ಒಳಗೆ. ನಾನು ಎದುರಿನ ಮರದ ಕೆಳಗೆ, ನನ್ನಂಥ ಇಪ್ಪತ್ತು ಜನರ ಜೊತೆ. ಅಲ್ಲಿ ಒಬ್ಬ ಆಟೋದವನು ನನಗೊಂದು ಗುಟ್ಟು ಹೇಳಿಕೊಟ್ಟ. ಅರ್ಧ ತಮಿಳು, ಅರ್ಧ ಕನ್ನಡ. “ಮುಖ ಪಾಕ್ಕಾದೀಂಗೊ ಸಾರ್, ಕೈ ನೋಡಿ.” ವೀಸಾ ಕೊಡುವುದಾದರೆ ಪಾಸ್‌ಪೋರ್ಟನ್ನು ಒಳಗೇ ಇಟ್ಟುಕೊಳ್ತಾರೆ, ಮುದ್ರೆಗೆ. ಇಲ್ಲ ಅನ್ನುವುದಾದರೆ ಒಂದು ಕಾಗದದ ಜೊತೆ ವಾಪಸ್ ಕೊಟ್ಟು ಕಳಿಸ್ತಾರೆ. ಅಂದರೆ ಕೈ ಖಾಲಿ ಇದ್ದವನು ಗೆದ್ದ, ಕೈಯಲ್ಲಿ ಪಾಸ್‌ಪೋರ್ಟ್ ಇದ್ದವನು ಸೋತ! ಆಮೇಲೆ ನಾನು ಮುಖ ನೋಡೋದೇ ಬಿಟ್ಟೆ. ಒಬ್ಬ ಹುಡುಗ ನಗುನಗುತ್ತಲೇ ಹೊರಗೆ ಬಂದ, ಕೈಯಲ್ಲಿ ನೀಲಿ ಪುಸ್ತಕ. ಮರದ ಕೆಳಗಿದ್ದ ಅಪ್ಪನ ಹತ್ತಿರ ಬರುವವರೆಗೂ ನಗು ಹಾಗೇ ಇತ್ತು. ಅಪ್ಪ ಏನೂ ಕೇಳಲಿಲ್ಲ, ನೀರಿನ ಬಾಟಲಿ ಮುಚ್ಚಳ ತೆಗೆದು ಕೊಟ್ಟರು. ಸಹಸ್ರನಾಮದ ಅಜ್ಜ ಬರಿಗೈಯಲ್ಲಿ ಬಂದವರೇ ಕೋಲನ್ನು ಮೇಲೆತ್ತಿ ಆಡಿಸಿದರು. ನಮಗೆಲ್ಲ ಒಂದು ಸಣ್ಣ ಜಾತ್ರೆ.

ಕಾಲು ಜೋಮು ಹಿಡಿದು ಕೆಥೆಡ್ರಲ್ ರೋಡಿನ ಕಡೆ ನಾಲ್ಕು ಹೆಜ್ಜೆ ಹಾಕಿದೆ. ಅಲ್ಲಿ ಸೆಮ್ಮೊಳಿ ಪೂಂಗಾ ಅಂತ ಉದ್ಯಾನ, 2010ರಲ್ಲಿ ಮಾಡಿದ್ದು. ಅದಕ್ಕೆ ಮುಂಚೆ ಆ ಜಾಗದಲ್ಲಿದ್ದದ್ದು ಡ್ರೈವ್ ಇನ್ ವುಡ್‌ಲ್ಯಾಂಡ್ಸ್, ನಮ್ಮ ಉಡುಪಿ ಕಡೆಯ ಕೃಷ್ಣರಾಯರು ಕಟ್ಟಿದ ಹೋಟೆಲು. ಸಿನಿಮಾದವರು ಕಾರಿನಲ್ಲೇ ಕೂತು ಕಾಫಿ ಕುಡೀತಾ ಕಥೆ ಕುದುರಿಸುತ್ತಿದ್ದ ಜಾಗ. ಹಳಬರೊಬ್ಬರು ನನಗೆ ಹೇಳಿದ್ದರು: ಸ್ಟುಡಿಯೋದಲ್ಲಿ ಬೇಡ ಅನ್ನಿಸಿಕೊಂಡವರಿಗೆ ಅಲ್ಲಿಯ ಒಂದು ದೋಸೆಯೇ ಸಮಾಧಾನ. ಈಗಿನವರಿಗೆ ಅದೂ ಇಲ್ಲ. ಗೇಟಿನ ಹತ್ತಿರದ ಗಾಡಿಯಲ್ಲಿ ಟೀ ಕುಡಿದು ವಾಪಸ್ ಓಡಿದೆ.

ಹತ್ತೂ ಕಾಲಿಗೆ ದೊಡ್ಡಮ್ಮ ಹೊರಗೆ ಬಂದರು. ಎದೆಗೆ ಅವುಚಿಕೊಂಡ ಅದೇ ಫೈಲು. ಪಾಸ್‌ಪೋರ್ಟ್ ಅದರೊಳಗಿದೆಯೋ ಇಲ್ಲವೋ ಹೇಗೆ ತಿಳೀಬೇಕು? ರಸ್ತೆ ದಾಟಿ ಬಂದವರು ಮೊದಲು ಕೇಳಿದ್ದು ಮಾತ್ರೆ. ನುಂಗಿ, ನೀರು ಕುಡಿದು, ಬಾಯಿ ಒರೆಸಿಕೊಂಡು ಅಂದರು: “ಇಟ್ಕೊಂಡ್ರು ಕಣೋ.”

ಎರಡೇ ನಿಮಿಷವಂತೆ. ಗಾಜಿನ ಆಚೆ ಹುಡುಗಿಯಂಥ ಆಫೀಸರು. ಕನ್ನಡದಲ್ಲಿ ಹೇಳೋಕೆ ಇನ್ನೊಬ್ಬರು ಇದ್ದರು. ಯಾಕೆ ಹೋಗ್ತೀರಿ? ಮಗಳ ಹೆರಿಗೆಗೆ. ಎಷ್ಟು ದಿನ? ಮಗುವಿಗೆ ಮೂರು ತಿಂಗಳು ತುಂಬೋವರೆಗೆ. ಯಾರು ಖರ್ಚು ಹಾಕ್ತಾರೆ? ಅಳಿಯ. ಇಲ್ಲಿ ಏನಿದೆ? ತೋಟ ಇದೆ, ಒಬ್ಬಳೇ ನೋಡ್ಕೋತೀನಿ. ಮುಗೀತು! ಪಹಣಿ, ಪಾಸ್‌ಬುಕ್ಕು, ಮದುವೆ ಫೋಟೋ, ತಹಸೀಲ್ದಾರರ ಸರ್ಟಿಫಿಕೇಟು ಯಾವುದನ್ನೂ ನೋಡಲಿಲ್ಲ. ತಹಸೀಲ್ದಾರರ ಆಫೀಸಿಗೆ ಐದು ಸಲ ಅಲೆದಿದ್ದೆ ನಾನು! ನಮ್ಮವರಿಗೆ ಸಾಮಾನ್ಯವಾಗಿ ಹತ್ತು ವರ್ಷದ್ದು ಸಿಗುತ್ತೆ. ಆದರೆ ವೀಸಾ ಅಂದರೆ ಬಾಗಿಲ ತನಕ ಹೋಗೋ ಅಪ್ಪಣೆ ಮಾತ್ರ. ಎಷ್ಟು ದಿನ ಇರಬಹುದು ಅಂತ ತೀರ್ಮಾನಿಸೋದು ಅಲ್ಲಿಯ ವಿಮಾನ ನಿಲ್ದಾಣದ ಅಧಿಕಾರಿ. ಸಾಮಾನ್ಯವಾಗಿ ಆರು ತಿಂಗಳು. ಟಿಕೆಟನ್ನು ವೀಸಾ ಕೈಗೆ ಬಂದ ಮೇಲೇ ತೆಗೆಯಿರಿ.

ಮಧ್ಯಾಹ್ನದ ಲಾಲ್‌ಬಾಗ್ ಎಕ್ಸ್‌ಪ್ರೆಸ್ಸಿನಲ್ಲಿ ದೊಡ್ಡಮ್ಮ ಷೂ ಬಿಚ್ಚಿ ಕಾಲು ಮೇಲಿಟ್ಟುಕೊಂಡು ಕೂತರು. ಅರಕ್ಕೋಣಂ ದಾಟಿರಬೇಕು. ಇದ್ದಕ್ಕಿದ್ದಂತೆ ಕೇಳಿದರು, “ನಿನಗೆ ಆವತ್ತು ಕೊಡಲಿಲ್ವಲ್ಲ, ಇಲ್ಲಿ ಏನಿದೆ ಅಂತ ನಿನ್ನೂ ಕೇಳಿದ್ರಾ?”

“ಹೂಂ.”

“ಏನಂದೆ?”

“ಕೆಲಸ ಇದೆ ಅಂದೆ.”

“ನನ್ನ ಹೆಸರು ಹೇಳಬಾರದಿತ್ತೇನೋ? ತಿಂಗಳಿಗೊಂದು ಸಲ ಬರ್ತೀಯ, ಕಾಯಿ ಕೀಳಿಸ್ತೀಯ.”

ನಾನೇನೂ ಅನ್ನಲಿಲ್ಲ. ಕಾಟ್ಪಾಡಿ ಬಂತು. ಎರಡು ಕಾಫಿ ತರೋಕೆ ಇಳಿದೆ.